ಗಾಜಿನ ಹಲಗೆಯೂ ಇಬ್ಬನಿಯ ತಟ್ಟೆಯೂ

ಹಸಿರುಮನೆ ಪರಿಣಾಮವೆಂಬ ಮಾತು ಈಗ ಮಕ್ಕಳ ಪಾಠಗಳಲ್ಲಿಯೂ ಬಂದಿರುವುದರಿಂದ, ಅದನ್ನು ಮನೆಯಲ್ಲಿಯೇ ತೋರಿಸಿಕೊಡುವ ಬಗೆಯನ್ನು ಈ ತಿಂಗಳು ಬರೆಯಬೇಕೆಂದು ಸಂಕಲ್ಪಿಸಿದ್ದೆವು. ಬರೆಯುವ ಮೊದಲು ಮಾಡಿನೋಡಿದುದು ಒಳ್ಳೆಯದಾಯಿತು.

ಎರಡು ಮರದ ಪೆಟ್ಟಿಗೆಗಳಲ್ಲಿ ಕಪ್ಪು ಬಟ್ಟೆಯನ್ನು ಹಾಸಿ, ಒಂದೊಂದು ಬಟ್ಟಲು ನೀರನ್ನಿಟ್ಟು, ಒಂದರ ಬಾಯಿಗೆ ಮಾತ್ರ ಗಾಜಿನ ಹಲಗೆಯನ್ನು ಮುಚ್ಚಿ ಬಿಸಿಲಿನಲ್ಲಿರಿಸುವುದು. ಗಂಟೆಯೊಂದರ ತರುವಾಯ ಗಾಜಿನ ಕೆಳಗಣ ನೀರೇ ಹೆಚ್ಚು ಬಿಸಿಯಾಗಿರುವುದು. ಬಿಸಿಲು ಗಾಜನ್ನು ದಾಟಿ ಒಳಹೊಗುವುದು, ಒಳಗಣ ಶಾಖವು ಕಾಣದ ಕಿರಣವಾಗಿ ಹೊರಡಲಾರದೆ ಗಾಜಿನಲ್ಲಿ ತಡೆಯಲ್ಪಡುವುದು, ಬಿಸಿಗೆ ಇದೊಂದೇ ಕಾರಣ ಎಂದು ಶಾಲೆಯಲ್ಲಿ ಮೂವತ್ತು ವರ್ಷ ಹೇಳಿದೆವು. ಮೊನ್ನೆ ನಮ್ಮ ಮೊಮ್ಮಗಳು ಗಾಜಿನ ನಾಲ್ಕು ಮೂಲೆಗಳಿಗೂ ಬೆಂಕಿಪೊಟ್ಟಣಗಳನ್ನು ಕೊಟ್ಟು ಎತ್ತರಿಸಿದಳು. ನೀರಿನ ಬಿಸಿಯು ಬಹಳ ತಗ್ಗಿತು. “ಗಾಜು ಮೇಲೆಯೇ ಇದೆಯಲ್ಲ ತಾತ, ಬಿಸಿ ಎಲ್ಲಿ ಹೋಯಿತು?” ಎಂದಳು. ನಾವು ಸುಮ್ಮನಾದೆವು.

ಹೋದದ್ದು ಗಾಳಿಯೊಡನೆ. ಮುಚ್ಚಿದ ಗಾಜು ಮುಖ್ಯವಾಗಿ ಬಿಸಿಗಾಳಿಯನ್ನು ಸೆರೆಹಿಡಿದಿತ್ತು. ತರ್ಕಶಾಸ್ತ್ರದ ಮಾತಿನಲ್ಲಿ, ನಾವು ಹೇಳಿದ ಕಾರಣವು ಅನ್ಯಥಾಸಿದ್ಧ. ಅಮೆರಿಕದ ವುಡ್ ಎಂಬ ವಿಜ್ಞಾನಿಯು 1909ರಲ್ಲಿಯೇ ಒಂದು ಪೆಟ್ಟಿಗೆಗೆ ಗಾಜನ್ನೂ, ಇನ್ನೊಂದಕ್ಕೆ ಉಷ್ಣಕಿರಣವನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ, ಎರಡರ ಬಿಸಿಗೂ ಒಂದು ಡಿಗ್ರಿಯಷ್ಟೂ ಅಂತರವಿಲ್ಲವೆಂದು ಕಂಡಿದ್ದನು.

ಹಾಗಾದರೆ ನಿಜವಾದುದನ್ನು ತೋರಿಸುವುದು ಹೇಗೆ? ರಾತ್ರಿಯಲ್ಲಿ ತೋರಿಸಬಹುದು. ಪುಷ್ಯಮಾಸದ ನಿರ್ಮಲವಾದ, ಗಾಳಿಯಿಲ್ಲದ ರಾತ್ರಿ ಅಂಗಳದಲ್ಲಿ ಒಂದು ಮಂಚವನ್ನಿಟ್ಟು, ಅದರ ಕೆಳಗೊಂದು, ಬಯಲಿನಲ್ಲೊಂದು ಪಿಂಗಾಣಿ ತಟ್ಟೆಯನ್ನು ಹುಲ್ಲಿನ ಮೇಲಿರಿಸಿರಿ. (ಹೊಳೆಯುವ ಸ್ಟೀಲಿನ ತಟ್ಟೆ ಬೇಡ, ಶಾಖವನ್ನು ಸೂಸುವುದರಲ್ಲಿ ಅದು ಬಹು ಜಿಪುಣ.) ಬೆಳಗ್ಗೆ ಬಯಲಿನ ತಟ್ಟೆಯು ಇಬ್ಬನಿಯಿಂದ ತೊಯ್ದಿತ್ತು, ಮಂಚದ ಕೆಳಗಿನದು ಒಣಗಿಯೇ ಇತ್ತು. ಗಾಳಿಯು ಎರಡಕ್ಕೂ ಆಡುತ್ತಿದ್ದಿತು. ಬಯಲಿನ ತಟ್ಟೆಯ ಶಾಖವು ಆಕಾಶಕ್ಕೆ ಸೂಸಿಹೋಗಿ ಅದು ತಣ್ಣಗಾಯಿತು. ಇನ್ನೊಂದಕ್ಕೆ ಮಂಚವು ತನ್ನ ಶಾಖವನ್ನು ಕೆಳಗೆ ಸೂಸುತ್ತಿದ್ದಿತು. ಮೋಡ ಕವಿದ ರಾತ್ರಿ ಮಾಡಿದರೆ ಬಯಲಿನಲ್ಲಿಯೂ ಇಬ್ಬನಿಯು ಕಡಿಮೆ, ಏಕೆಂದರೆ ಆಗ ಮೋಡವೇ ಮಂಚ.

ಕಣ್ಣಿಗೆ ಕಾಣದ ನೀರಾವಿಯೂ ಇಂಗಾಲಾಮ್ಲ ವಾಯುವೂ ಇದೇ ಕೆಲಸವನ್ನು ಮಾಡುವುವು. ಇವು ಉಷ್ಣಕಿರಣವನ್ನು ಹೀರುವುವೆಂದು ಲಂಡನ್ನಿನಲ್ಲಿ ಟಿಂಡಲನು 1859ರಲ್ಲಿ ಅಳೆದು ತೋರಿಸಿದನು. ಈ ಹೊದಿಕೆಯಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆಯು 15 ಡಿಗ್ರಿಯಲ್ಲ, ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿದ್ದಿತು. ಆದರೆ ಕಾರ್ಖಾನೆಗಳ ಕಾಲಕ್ಕೆ ಮೊದಲು ವಾಯುವಿನ ಹತ್ತು ಲಕ್ಷ ಭಾಗದಲ್ಲಿ 280ರಷ್ಟಿದ್ದ ಇಂಗಾಲಾಮ್ಲವು ಈಗ 420ನ್ನು ಮೀರಿರುವುದು, ಹೊದಿಕೆಯು ದಪ್ಪವಾಗುತ್ತಿದೆ.

ನಮ್ಮಲ್ಲಿ ಕಲಿತು ಈಗ ತಾವೇ ಉಪಾಧ್ಯಾಯರಾಗಿರುವವರು ಗಾಜಿನ ಪಾಠವನ್ನು ದಯಮಾಡಿ ತಿದ್ದಿಕೊಳ್ಳಬೇಕು.