ಕಾವ್ಯ ಬಿಟ್ಟದ್ದು, ಮಡಕೆ ಹೊತ್ತದ್ದು

ಹಿಂದೊಮ್ಮೆ ತರಗತಿಯಲ್ಲಿ ಗದುಗಿನ ಭಾರತವನ್ನು ಪಾಠ ಹೇಳುತ್ತಿದ್ದಾಗ ಮಾಲೂರಿನಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಎದ್ದು, "ದ್ರೌಪದಿ ಮತ್ತೆ ಭೂಮಿಗೆ ಬರುವ ಭಾಗ ಯಾವ ಸಂಧಿಯಲ್ಲಿದೆ, ಸಾರ್?" ಎಂದು ಕೇಳಿದನು. "ಅದು ಭಾರತದಲ್ಲಿಲ್ಲ, ಕೂತುಕೋ" ಎಂದುಬಿಟ್ಟೆ. ಮಾತೇನೋ ನಿಜ, ಆದರೆ ಅದನ್ನಾಡಿದ ಧಾಟಿ ಅಧ್ಯಾಪಕನಿಗೆ ತಕ್ಕುದಲ್ಲವೆಂದು ನನಗೆ ಹೊಳೆದದ್ದು, ಬಹುಕಾಲದ ಮೇಲೆ ಪ್ರಾಚೀನ ಗ್ರೀಕರ ಒಂದು ಮಡಕೆಯ ಚಿತ್ರವನ್ನು ಪುಸ್ತಕದಲ್ಲಿ ಕಂಡಾಗ.

ಕ್ರಿ. ಪೂ. ೫೪೦ರ ಸುಮಾರಿನಲ್ಲಿ ಅಥೆನ್ಸಿನ ಎಕ್ಸೀಕಿಯಾಸನು ತಾನೇ ಮಾಡಿ, ತಾನೇ ಚಿತ್ರ ಬರೆದು, ತನ್ನ ಹೆಸರನ್ನೂ ನಮೂದಿಸಿದ ಮಡಕೆ ಅದು. ಈಗ ವ್ಯಾಟಿಕನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಕೆಂಪು ಮಣ್ಣಿನ ಮೇಲೆ ಕಪ್ಪು ಆಕೃತಿಗಳು. ಟ್ರಾಯ್ ಯುದ್ಧದ ನಡುವೆ ಬಿಡುವು ದೊರೆತ ವೀರರಿಬ್ಬರು, ಅಕಿಲೀಸ್ ಮತ್ತು ಏಜಾಕ್ಸ್, ಭರ್ಜಿಗಳನ್ನು ಕೈಬಿಡದೆ ಬಾಗಿ ಕುಳಿತು ಪಗಡೆಯಂಥದೊಂದು ಆಟದಲ್ಲಿ ಮುಳುಗಿದ್ದಾರೆ. ಅಕಿಲೀಸನ ಬಾಯ ಬಳಿ 'ನಾಲ್ಕು' ಎಂದೂ ಏಜಾಕ್ಸನ ಬಾಯ ಬಳಿ 'ಮೂರು' ಎಂದೂ ಬರೆದಿದೆ. (ಈ ಏಜಾಕ್ಸನ ದುರಂತವೇ ಬಿ. ಎಂ. ಶ್ರೀಯವರ 'ಅಶ್ವತ್ಥಾಮನ್' ನಾಟಕವಾಗಿ ಕುರುಕ್ಷೇತ್ರಕ್ಕೆ ಬಂದದ್ದು.) ಆದರೆ ಈ ಪ್ರಸಂಗ ಹೋಮರನ ಇಲಿಯಡ್ಡಿನಲ್ಲಿಲ್ಲ, ಉಳಿದುಬಂದ ಯಾವ ಗ್ರೀಕ್ ಕಾವ್ಯದಲ್ಲಿಯೂ ಇಲ್ಲ. ನೂರಕ್ಕೂ ಹೆಚ್ಚು ಮಡಕೆಗಳ ಮೇಲೆ ಇದೆ! ಎಕ್ಸೀಕಿಯಾಸನಿಗೆ "ಕೂತುಕೋ" ಎನ್ನುವವರಾರು?

ಗ್ರೀಕರು ದ್ರಾಕ್ಷಾರಸದ ಬಟ್ಟಲಿನಲ್ಲಿಯೂ ದೇವತೆಗಳನ್ನು ಬರೆದರು. ಎಂಜಲಾದ ಮಣ್ಣಿನ ಪಾತ್ರೆಯನ್ನು ಎಸೆಯುವ ನಮ್ಮ ನಾಡಿನಲ್ಲಿ ಅದು ನಡೆಯುವ ಮಾತಲ್ಲ. ನಮ್ಮವರು ಕುಂಭವನ್ನೇ ದೇವತೆಯಾಗಿಸಿದರು. ಮಾಲೂರಿನಲ್ಲಿ, ಕೋಲಾರದಲ್ಲಿ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ಕರಗವೆಂದರೆ ಮೂಲದಲ್ಲಿ ಒಂದು ಕುಂಭ. ಸುಡದ ಮಣ್ಣಿನದು ಹಸಿಕರಗ. ಹೆಣ್ಣುಡುಗೆ ತೊಟ್ಟ ಪೂಜಾರಿಯು ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತು ಇರುಳೆಲ್ಲ ಬೀದಿ ಬೀದಿ ಸುತ್ತುವಾಗ, ಹಿರಿದ ಕತ್ತಿಗಳ ವೀರಕುಮಾರರು ಸುತ್ತುವರಿದು ನಡೆಯುತ್ತಾರೆ.

ತಿಗಳರು ಹೇಳುವ ಕಥೆ ಇದು. ಪಾಂಡವರು ಸ್ವರ್ಗದ ದಾರಿಯಲ್ಲಿ ಮುಂದೆ ನಡೆದರು. ಹಿಂದುಳಿದ ದ್ರೌಪದಿಯ ಮೇಲೆ ತಿಮಿರಾಸುರನೆರಗಿದನು. ಆಕೆ ಶಕ್ತಿರೂಪ ತಾಳಿ ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಗೆದ್ದಳು. ತಾಯಿಯನ್ನು ಬಿಟ್ಟಿರಲಾರದ ಆ ಮಕ್ಕಳಿಗೆ, ವರ್ಷಕ್ಕೊಮ್ಮೆ ಬರುವೆನೆಂದು ಮಾತು ಕೊಟ್ಟಳು.

ಕುಮಾರವ್ಯಾಸನು ಗದಾಪರ್ವಕ್ಕೆ ಕಾವ್ಯವನ್ನು ನಿಲ್ಲಿಸಿದನು. ಪಂಪನು ಪಟ್ಟದ ಸಿಂಹಾಸನದಲ್ಲಿ ಸುಭದ್ರೆಯನ್ನು ಕುಳ್ಳಿರಿಸಿದನು. ಮಹಾಕವಿಗಳಿಬ್ಬರೂ ಹಾಗೆ ಬಿಟ್ಟುಹೋದ ಹೆಣ್ಣನ್ನು ತಲೆಯ ಮೇಲೆ ಹೊತ್ತವರು ಹೂವು ತರಕಾರಿ ಬೆಳೆಯುವ ಒಕ್ಕಲು ಜನ. ಇದನ್ನು ಜಾತ್ರೆಯ ಗದ್ದಲವೆಂದು ಬದಿಗೊತ್ತಿ, ಅಚ್ಚಾದ ಭಾರತವನ್ನು ಮಾತ್ರ ಭಾರತವೆಂದು ಕಲಿಸುವ ನಮ್ಮ ಪಠ್ಯಕ್ರಮ ಅರ್ಧ ಕುರುಡು.

ಎಕ್ಸೀಕಿಯಾಸನ ಮಡಕೆಯನ್ನು ಇಟಲಿಯ ಗೋರಿಗಳು ಕಾದಿಟ್ಟವು. ನಮ್ಮ ಕಥೆಯಿರುವುದು ಹಿರಿಯರ ನಾಲಗೆಯ ಮೇಲೆ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಕರಗದ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಆ ಹಿರಿಯರ ಬಳಿಗೆ ಕಳುಹಿಸಿ, ಅವರ ಒಪ್ಪಿಗೆ ಪಡೆದು, ಊರೂರಿನ ಪಾಠಾಂತರಗಳನ್ನು ಬರೆಯಿಸಿಕೊಳ್ಳಲಿ. ಮುಂದಿನ ಕರಗಕ್ಕೆ ನಾನೂ ಟಿಪ್ಪಣಿ ಪುಸ್ತಕ ಹಿಡಿದು ಮಾಲೂರಿಗೆ ಹೋಗುವವನಿದ್ದೇನೆ. ಆ ವಿದ್ಯಾರ್ಥಿ ಅಲ್ಲಿ ಸಿಕ್ಕರೆ, ಈ ಸಲ ಕೂತುಕೊಳ್ಳಬೇಕಾದವನು ನಾನು.