ಊದುಗೊಳವೆ ಮತ್ತು ಅಂಬಾಸಿಡರ್

ಮಕ್ಕಳೇ, ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಒಂದು ಅಂಬಾಸಿಡರ್ ಕಾರು ನಿಂತಿದೆ. 1984ನೇ ಇಸವಿಯದು. ಹಳೆಯ ಸಿನಿಮಾಗಳಲ್ಲಿ ಮಂತ್ರಿಗಳು ಬಂದು ಇಳಿಯುತ್ತಾರಲ್ಲ, ಆ ಬಿಳಿ ಬಣ್ಣದ ದುಂಡನೆಯ ಕಾರು, ಅದೇ. ಇದನ್ನು ಕೊಂಡವರು ನನ್ನ ಮಾವನವರು. ತೀರ್ಥಹಳ್ಳಿ ಕಡೆಯ ತೋಟದಿಂದ ಶಿವಮೊಗ್ಗದ ಅಡಿಕೆ ಮಂಡಿಗೆ ಅದರಲ್ಲೇ ಬರುತ್ತಿದ್ದರು. ಅವರ ನಂತರ ನಮಗೆ ಬಂತು. ಹಾಗಾಗಿ ಆರ್‌ಸಿ ಪುಸ್ತಕದಲ್ಲಿ ನನ್ನ ಹೆಸರಿದ್ದರೂ ನಿಜವಾದ ಮಾಲೀಕಳು ನನ್ನಾಕೆ.

ಎರಡು ವರ್ಷದ ಹಿಂದೆ ಅದರ ಇಂಜಿನ್ ಕೈಕೊಟ್ಟಿತು. ಹಿಂದಿನಿಂದ ನೀಲಿ ಹೊಗೆ. ರೇಡಿಯೇಟರಿನ ನೀರು ಆಯಿಲ್ ಜೊತೆ ಸೇರಿ ಕಾಫಿ ಬಣ್ಣಕ್ಕೆ ತಿರುಗಿತ್ತು. ನಮ್ಮ ಮೇಸ್ತ್ರಿ ಬಿಚ್ಚಿ ನೋಡಿ, "ಎರಡು ಸಲ ಬೋರ್ ಮಾಡಿಸಿದ್ದಾಗಿದೆ ಸಾರ್, ಈಗ ಬ್ಲಾಕೇ ಬಿರುಕು ಬಿಟ್ಟಿದೆ" ಎಂದರು. "ಗುಜರಿಗೆ ಹಾಕೋಣ ಬಿಡಿ" ಅಂದುಬಿಟ್ಟೆ ನಾನು. ನನ್ನಾಕೆ ಏನೂ ಹೇಳಲಿಲ್ಲ. ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ ಅಷ್ಟೆ.

ಆಗ ರಜಕ್ಕೆ ಬಂದಿದ್ದ ಮೊಮ್ಮಗ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾನೆ. "ಅಜ್ಜ, ಇದಕ್ಕೆ ಇಸುಜು ಇಂಜಿನ್ ಹಾಕೋಣ. ಆಮೇಲೆ ಅದಕ್ಕೊಂದು ಟರ್ಬೋ!" ಎಂದ.

ನನಗೆ ಇದು ಹುಚ್ಚಾಟ ಅನ್ನಿಸಿತು. ಆದರೆ ಇಂಜಿನ್ ಬದಲಿಸುವುದು ಅಂಬಾಸಿಡರಿಗೆ ಹೊಸದೇನಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಇದು ತಯಾರಾದದ್ದು, 1958ರಿಂದ 2014ರವರೆಗೆ. ಅಷ್ಟು ವರ್ಷ ಮೈಕಟ್ಟು ಹೆಚ್ಚುಕಡಿಮೆ ಹಾಗೇ ಉಳಿಯಿತು, ಒಳಗಿನ ಇಂಜಿನ್ ಮಾತ್ರ ಬದಲಾಗುತ್ತ ಹೋಯಿತು. ಬಹಳ ಕಾಲ ಇದ್ದದ್ದು 1489 ಸಿಸಿಯ ಇಂಜಿನ್. 1990ರ ದಶಕದ ಆರಂಭದಲ್ಲಿ ಕಂಪನಿಯವರೇ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಇಂಜಿನ್ ಕೂರಿಸಿದರು. ಹಳೆಯದರ ಶಕ್ತಿ ಸುಮಾರು 50 ಅಶ್ವಶಕ್ತಿ, ಇದರದು 75. ಅಷ್ಟೇ ಏಕೆ, ಮೆಟಡೋರ್ ವ್ಯಾನಿನ ಡೀಸೆಲ್ ಇಂಜಿನನ್ನು ಅಂಬಾಸಿಡರ್ ಟ್ಯಾಕ್ಸಿಗೆ ಕೂರಿಸಿ ದುಡಿಸಿದ್ದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ದೂರದಿಂದಲೇ ಡಬಡಬ ಸದ್ದು ಕೇಳಿ "ಟ್ಯಾಕ್ಸಿ ಬಂತು" ಎನ್ನುತ್ತಿದ್ದೆವು.

ಸರಿ, ಒಪ್ಪಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಂದು ಇಸುಜು ಇಂಜಿನ್, ಅದರ ಐದು ಗೇರಿನ ಪೆಟ್ಟಿಗೆ ಸಮೇತ ಸಿಕ್ಕಿತು. ಇಂಜಿನ್ ನಂಬರ್ ಬರೆದ ಬಿಲ್ಲು ಕೊಟ್ಟರೆ ಮಾತ್ರ ದುಡ್ಡು ಅಂದೆ. ಮೊಮ್ಮಗನಿಗೆ ನಾಚಿಕೆಯಾಯಿತಂತೆ. ಆಗಲಿ! ಕದ್ದ ಮಾಲು ಅಲ್ಲವೆಂದು ತೋರಿಸಲು ಕಾಗದ ಬೇಕು. ಇಂಜಿನ್ ಬದಲಿಸುವ ಮೊದಲು ಆರ್‌ಟಿಒ ಕಚೇರಿಯ ಅನುಮತಿಯೂ ಬೇಕು, ಬದಲಿಸಿದ ಮೇಲೆ ಹೊಸ ನಂಬರ್ ಆರ್‌ಸಿಯಲ್ಲಿ ಏರಬೇಕು, ವಿಮೆಯವರಿಗೂ ತಿಳಿಸಬೇಕು. ಈ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಮಾಡಿದೆ.

ಇಂಜಿನ್ ಬದಲಿಸುವುದೆಂದರೆ ಟಾರ್ಚಿಗೆ ಸೆಲ್ ಹಾಕಿದಂತೆ ಎಂದುಕೊಂಡಿದ್ದೆ. ಅಲ್ಲವೇ ಅಲ್ಲ. ಚೈನ್ ಪುಲ್ಲಿಯಲ್ಲಿ ಹಳೆಯದನ್ನು ಎತ್ತಿದರು, ಹೊಸದನ್ನು ಇಳಿಸಿದರು, ಅದು ಒಂದು ದಿನದ ಕೆಲಸ. ಉಳಿದದ್ದಕ್ಕೆ ಎರಡು ತಿಂಗಳು. ಇಂಜಿನ್ ಕೂರುವ ಬ್ರಾಕೆಟ್ಟುಗಳು ಹೊಂದಲಿಲ್ಲ, ಬೇರೆ ಮಾಡಿಸಿ ವೆಲ್ಡ್ ಮಾಡಿದರು. ಗೇರ್ ಪೆಟ್ಟಿಗೆಯ ಅಳತೆ ಬೇರೆ, ಆದ್ದರಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ, ಮತ್ತೆ ಬೆಸೆದು, ತೂಕ ಸರಿದೂಗಿಸಬೇಕಾಯಿತು. ಹೆಚ್ಚು ಶಕ್ತಿ ಎಂದರೆ ಹೆಚ್ಚು ಶಾಖ, ಹಾಗಾಗಿ ದೊಡ್ಡ ರೇಡಿಯೇಟರ್. ಸ್ಟೀರಿಂಗ್ ಪಕ್ಕದಲ್ಲಿದ್ದ ಗೇರು ನೆಲಕ್ಕೆ ಇಳಿಯಿತು. ಅದಕ್ಕಾಗಿ ಮುಂದಿನ ಉದ್ದ ಸೀಟು ತೆಗೆದು ಎರಡು ಬಿಡಿ ಸೀಟು ಹಾಕಿದರು. ನನ್ನಾಕೆ ಬಂದು ನೋಡಿ, "ನಿಮ್ಮ ಮಗಳು ಅಪ್ಪಯ್ಯನ ಪಕ್ಕ ಕೂರ್ತಿದ್ದ ಜಾಗವೇ ಹೋಯ್ತಲ್ಲ" ಎಂದಳು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಇನ್ನು ಟರ್ಬೋ. ಅದನ್ನೂ ಮೊಮ್ಮಗ ಯಾವುದೋ ಡೀಸೆಲ್ ಕಾರಿನದು ತಂದಿದ್ದ. ನೋಡಲು ಎರಡು ಬಸವನಹುಳುವಿನ ಚಿಪ್ಪನ್ನು ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ. ಒಳಗೆ ಒಂದೇ ಕಡ್ಡಿಯ ಎರಡು ತುದಿಗೆ ಎರಡು ಪುಟ್ಟ ಚಕ್ರ. ಇಂಜಿನಿನಿಂದ ಹೊರಬರುವ ಬಿಸಿ ಹೊಗೆ ಒಂದು ಚಕ್ರವನ್ನು ಕಾಗದದ ಗಿರಿಗಿಟ್ಲೆಯಂತೆ ತಿರುಗಿಸುತ್ತದೆ. ಆ ಕಡ್ಡಿಯಿಂದಾಗಿ ಇನ್ನೊಂದು ಚಕ್ರವೂ ತಿರುಗಿ ಹೊರಗಿನ ಗಾಳಿಯನ್ನು ಎಳೆದು ಇಂಜಿನಿನೊಳಕ್ಕೆ ಒತ್ತಿ ತುಂಬುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ಇದು ತಿರುಗಬಲ್ಲದು. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹೊಗೆಯ ಜೊತೆ ಸುಮ್ಮನೆ ಹೊರಟುಹೋಗುತ್ತಿದ್ದ ಶಕ್ತಿಯನ್ನು ಹಿಡಿದು ಕೆಲಸಕ್ಕೆ ಹಚ್ಚಿದ್ದು ನನಗಂತೂ ಬಹಳ ಮೆಚ್ಚುಗೆಯಾಯಿತು.

ಮೊಮ್ಮಗ ಇಷ್ಟನ್ನು ವಿವರಿಸುವಷ್ಟರಲ್ಲಿ ನನ್ನಾಕೆ, "ಅಂದ್ರೆ ಊದುಗೊಳವೆ" ಎಂದಳು. ಸೌದೆ ಒಲೆ ಕಂಡವರಿಗೆ ಗೊತ್ತು, ಬೆಂಕಿ ಮಂಕಾದಾಗ ಕೊಳವೆಯಲ್ಲಿ ಊದಿದರೆ ಭುಗ್ಗೆಂದು ಹೊತ್ತಿಕೊಳ್ಳುತ್ತದೆ. ಇಂಜಿನಿನ ಒಳಗೂ ಬೆಂಕಿಯೇ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು.

ನಾನು ಕಾಗದ ಪೆನ್ನು ತೆಗೆದುಕೊಂಡೆ. 1817 ಸಿಸಿ ಎಂದರೆ ಸುಮಾರು 1.8 ಲೀಟರ್. ಇಂಜಿನ್ ಎರಡು ಸುತ್ತು ತಿರುಗಿದರೆ ಒಮ್ಮೆ ಅಷ್ಟು ಗಾಳಿಯನ್ನು ಒಳಗೆ ಎಳೆಯುತ್ತದೆ. ನಿಮಿಷಕ್ಕೆ 3,000 ಸುತ್ತು ಎಂದರೆ 1,500 ಸಲ. ಗುಣಿಸಿ ನೋಡಿ, ಸುಮಾರು 2,700 ಲೀಟರ್! ಮನೆಯ ತಾರಸಿ ಮೇಲಿನ ಸಾವಿರ ಲೀಟರಿನ ಟ್ಯಾಂಕು ಹೆಚ್ಚುಕಡಿಮೆ ಮೂರು, ಒಂದೇ ನಿಮಿಷದಲ್ಲಿ. ಟರ್ಬೋ ಹಾಕಿ ಅರ್ಧದಷ್ಟು ಒತ್ತಡ ಹೆಚ್ಚಿಸಿದರೆ ಅದೇ ಜಾಗದಲ್ಲಿ ಒಂದೂವರೆಪಟ್ಟು ಗಾಳಿ. ಗಾಳಿಗೆ ತಕ್ಕ ಪೆಟ್ರೋಲ್ ಕೊಟ್ಟರೆ ಶಕ್ತಿಯೂ ಹಾಗೇ ಏರುತ್ತದೆ. ಆದರೆ ಪೂರ್ತಿ ಒಂದೂವರೆಪಟ್ಟು ಸಿಗುವುದಿಲ್ಲ. ಏಕೆಂದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಹಿಗ್ಗುತ್ತದೆ. ಸೈಕಲ್ ಪಂಪು ಹೊಡೆದು ಅದರ ಬುಡ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಅದಕ್ಕೇ ನಡುವೆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಂಬ ಜಾಲರಿ ಬೇಕು.

ಮೇಸ್ತ್ರಿಗೆ ಮನಸ್ಸಿರಲಿಲ್ಲ. "ಮರಿ, ಡೀಸೆಲ್‌ಗಿಂತ ಪೆಟ್ರೋಲ್ ಗಾಡಿ ಹೊಗೆ ಜಾಸ್ತಿ ಬಿಸಿ. ಆ ಟರ್ಬೋ ತಡೆಯಲ್ಲ. ಇದು ಕಾರ್ಬುರೇಟರ್ ಗಾಡಿ ಬೇರೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿ ಬಿತ್ತು ಅನ್ನು, ನಾಕ್ ಹೊಡೆದು ಪಿಸ್ಟನ್ನೇ ತೂತಾಗುತ್ತೆ" ಎಂದರು. ಮೊಮ್ಮಗ ಮುಖ ಸಣ್ಣದು ಮಾಡಿಕೊಂಡ. ಮೊದಲು ಇಂಜಿನ್ ಓಡಿಸಿ ನೋಡೋಣ, ಆಮೇಲೆ ಮಾತು ಎಂದು ನಾನು ರಾಜಿ ಮಾಡಿಸಿದೆ.

ಕಾಗದಪತ್ರವೆಲ್ಲ ಮುಗಿದ ಮೇಲೆ ಉಡುಪಿಗೆ ಹೊರಟೆವು. ಮೊಮ್ಮಗನೇ ಚಾಲಕ, ನಾನು ಪಕ್ಕದಲ್ಲಿ, ನನ್ನಾಕೆ ಹಿಂದೆ. ತೀರ್ಥಹಳ್ಳಿ ದಾಟುವವರೆಗೆ ಎಂಥ ಸೊಗಸು! ಹಳೆಯ ಇಂಜಿನ್ ಏದುಸಿರು ಬಿಡುತ್ತಿದ್ದ ದಿಬ್ಬಗಳನ್ನು ಇದು ಹಾಡುತ್ತ ಹತ್ತಿತು. ಆಗುಂಬೆ ಬಂತು. ಅಲ್ಲಿಂದ ಸೋಮೇಶ್ವರಕ್ಕೆ ಘಾಟಿ ಇಳಿಯಬೇಕು, ಹದಿನಾಲ್ಕು ಹಿಮ್ಮುರಿ ತಿರುವು. ಹುಡುಗ ಮೂರನೇ ಗೇರಿನಲ್ಲೇ ಇಳಿಸುತ್ತಿದ್ದ. ತಿರುವಿನಿಂದ ತಿರುವಿಗೆ ಗಾಡಿ ಓಡುವುದು, ತಿರುವಿನಲ್ಲಿ ಬ್ರೇಕ್ ಒತ್ತುವುದು. ಎಂಟನೆಯದೋ ಒಂಬತ್ತನೆಯದೋ ತಿರುವು ಇರಬೇಕು, ಸುಟ್ಟ ವಾಸನೆ ಬಂತು. "ಅಜ್ಜ, ಬ್ರೇಕ್ ಹಿಡೀತಿಲ್ಲ" ಎಂದ. ದನಿ ನಡುಗುತ್ತಿತ್ತು.

"ಎರಡನೇ ಗೇರ್ ಹಾಕು" ಎಂದು ಕೂಗಿದೆ. ಹಾಕಿದ. ಇಂಜಿನ್ ಚೀರಿತು, ಗಾಡಿ ಹಿಡಿದು ಎಳೆದಂತಾಯಿತು. ಇಬ್ಬರೂ ಸೇರಿ ಹ್ಯಾಂಡ್‌ಬ್ರೇಕ್ ಎಳೆದೆವು. ತಡೆಗೋಡೆಗೆ ಎರಡು ಮಾರು ಇರುವಾಗ ನಿಂತಿತು. ಕೆಳಗೆ ಬರೀ ಕಾಡು. ಹಿಂದಿನಿಂದ ನನ್ನಾಕೆ, "ಬಾಗಿಲು ತೆಗೀರಿ, ನಾನು ಇಳೀತೀನಿ" ಎಂದಳು. ಗೋಡೆ ಮೇಲಿದ್ದ ಮಂಗಗಳು ಮಾತ್ರ ನಮ್ಮನ್ನು ನೋಡಿ, ತಿನ್ನಲು ಏನಿದೆ ಎಂದು ಹತ್ತಿರ ಬಂದವು.

ಮುಕ್ಕಾಲು ಗಂಟೆ ಅಲ್ಲೇ ಕುಳಿತೆವು. ಆ ಕಾರಿನ ನಾಲ್ಕು ಚಕ್ರಕ್ಕೂ ಇದ್ದದ್ದು ಹಳೆಯ ಡ್ರಮ್ ಬ್ರೇಕು. ಡ್ರಮ್ ಅತಿಯಾಗಿ ಕಾದರೆ ಒಳಗಿನ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ, ತಣಿದ ಮೇಲೆ ಮತ್ತೆ ಹಿಡಿಯುತ್ತದೆ. ವೇಗ ಎರಡುಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕುಪಟ್ಟು. ಹಳೆಯ ಇಂಜಿನ್ ಇದ್ದಾಗ ನಾವು ಇಷ್ಟು ಜೋರಾಗಿ ಎಲ್ಲೂ ಹೋದವರೇ ಅಲ್ಲ, ಹಾಗಾಗಿ ಈ ಕೊರತೆ ಬಯಲಾಗಿರಲಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಬರಬೇಕೆಂದು ಘಾಟಿಯ ನೆತ್ತಿಯಲ್ಲೇ ಹೇಳಬೇಕಾದವನು ನಾನು. ಹೊಸ ಇಂಜಿನಿನ ಸದ್ದಿಗೆ ಮರುಳಾಗಿ ಸುಮ್ಮನೆ ಕೂತಿದ್ದೆ. ಅದಕ್ಕೇ ಹುಡುಗನನ್ನು ಬೈಯಲು ಬಾಯಿ ಬರಲಿಲ್ಲ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ, ಹತ್ತು ಪೈಸೆಯೇ ಇರಲಿ, ಯಾರೂ ಮನೆಗೆ ಹೋಗುವಂತಿರಲಿಲ್ಲ. ಊರಿಗೆ ಬಂದ ಮೇಲೆ ಮೊಮ್ಮಗನ ಖರ್ಚಿನ ಪಟ್ಟಿ ತೆಗೆಸಿ ನೋಡಿದೆ. ಇಂಜಿನ್, ಗೇರ್ ಪೆಟ್ಟಿಗೆ, ಶಾಫ್ಟ್, ರೇಡಿಯೇಟರ್, ಪೇಂಟು, ಹಾರನ್ನು ಕೂಡ. ಬ್ರೇಕಿನ ಹೆಸರಿನಲ್ಲಿ ಒಂದು ರೂಪಾಯಿ ಇರಲಿಲ್ಲ. ಪ್ರತಿ ತಿಂಗಳೂ ಆ ಪಟ್ಟಿಗೆ ಸಹಿ ಹಾಕಿದವನು ನಾನೇ.

ಆಮೇಲೆ ನಂತರದ ಅಂಬಾಸಿಡರ್‌ಗಳಿಗೆ ಬಂದ ಡಿಸ್ಕ್ ಬ್ರೇಕನ್ನು ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದು ಮುಂದಿನ ಚಕ್ರಗಳಿಗೆ ಹಾಕಿಸಿದೆವು. ಟರ್ಬೋ ವಿಷಯದಲ್ಲಿ ಕಾನೂನಿನದೂ ಒಂದು ತಕರಾರಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸೈಲೆನ್ಸರ್ ಕಿತ್ತು ಬೀದಿ ತುಂಬ ಸದ್ದು ಮಾಡುವ ಹುಡುಗರೂ ಇದನ್ನು ಓದಿಕೊಂಡರೆ ಒಳ್ಳೆಯದು. ರಸ್ತೆಯಲ್ಲಲ್ಲ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೇರೊಂದು ಇಂಜಿನ್ನಿಗೆ ಹಾಕಿ ಪರೀಕ್ಷಿಸುತ್ತೇನೆ ಎನ್ನುತ್ತಾನೆ ಮೊಮ್ಮಗ. ಮಾಡಲಿ.

ಹೋದ ತಿಂಗಳು ಮತ್ತೆ ಆಗುಂಬೆ ಇಳಿದೆವು, ನೆತ್ತಿಯಿಂದಲೇ ಎರಡನೇ ಗೇರಿನಲ್ಲಿ. ನನ್ನಾಕೆ ಹಿಂದಿನ ಸೀಟಿನಲ್ಲಿ ಕೂತು ತಿರುವು ಎಣಿಸುತ್ತಿದ್ದಳು. ಹದಿನಾಲ್ಕು ಮುಗಿದ ಮೇಲೆ ಮೊಮ್ಮಗನಿಗೆ ಒಂದು ಪೆಪ್ಪರ್‌ಮೆಂಟು ಕೊಟ್ಟಳು.

ಟರ್ಬೋ ಸದ್ಯಕ್ಕೆ ನನ್ನ ಹಳೆಯ ಟ್ರಂಕಿನಲ್ಲಿದೆ. ಒಳಗೆ ಜೇಡ ಹೊಗದಿರಲಿ ಎಂದು ಅದರ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೇನೆ.