ಯಾರ ಜೊತೆ ಆಡ್ತಿದ್ದೀಯ?

2025ರ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತಾ ಕೇಳಿದ: "ಸರ್, ಎಂಟನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದನಲ್ಲ, ಅವನ ವಿಳಾಸ ಸ್ಕೂಲಲ್ಲಿ ಏನಾದ್ರೂ ಸಿಗತ್ತಾ?"

ಯಾರೆಂದು ತಕ್ಷಣ ಹೊಳೆಯಲಿಲ್ಲ. ಮಸೂರದಿಂದ ಕಾಗದ ಸುಡುವ ಪ್ರಯೋಗದ ದಿನ ತನ್ನ ಅಂಗಿಯ ತೋಳನ್ನೇ ಸುಟ್ಟುಕೊಂಡವನು ಎಂದಾಗ ನೆನಪಾಯಿತು. ತಂದೆಗೆ ಬೇರೆ ಊರಿಗೆ ವರ್ಗವಾಗಿ, 2019ರ ಬೇಸಿಗೆಯಲ್ಲಿ ಟಿ.ಸಿ. ತೆಗೆದುಕೊಂಡು ಹೋದ ಹುಡುಗ. ಇವರಿಬ್ಬರೂ ಒಂದೇ ಬೀದಿಯವರು, ಒಂದೇ ಸೈಕಲ್ಲಿನಲ್ಲಿ ಬರುತ್ತಿದ್ದರು.

"ಆಮೇಲೆ ನೀವಿಬ್ಬರೂ ಭೇಟಿಯಾಗಲೇ ಇಲ್ಲವೇನಯ್ಯಾ?" ಎಂದೆ.

"ದಿನಾ ಆಗ್ತಿದ್ವಿ ಸರ್. ಪಬ್‌ಜಿಯಲ್ಲಿ."

ಹುಡುಗ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕುಳಿತ. ಅವನು ಹೇಳಿದ್ದನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ. ಮಕ್ಕಳಿಗಿಂತ ಹೆಚ್ಚಾಗಿ ತಂದೆತಾಯಿಯರು ಓದಬೇಕೆಂಬುದು ನನ್ನ ಆಸೆ.

ಗೊತ್ತಿಲ್ಲದ ಹಿರಿಯರಿಗಾಗಿ ಆ ಆಟದ ಬಗ್ಗೆ ಎರಡು ಮಾತು. ಪಬ್‌ಜಿ ಮೊಬೈಲಿಗೆ ಬಂದದ್ದು 2018ರಲ್ಲಿ. ನೂರು ಮಂದಿ ಆಟಗಾರರು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಬರಿಗೈಯಲ್ಲಿ ಇಳಿದು ಆಯುಧ ಹುಡುಕಿಕೊಳ್ಳಬೇಕು. ಆಡುವ ಜಾಗ ಹೊತ್ತು ಕಳೆದಂತೆ ಕುಗ್ಗುತ್ತದೆ. ಕೊನೆಯವರೆಗೆ ಉಳಿದ ತಂಡ ಗೆದ್ದಂತೆ. ಇದರಲ್ಲಿ ಇಬ್ಬರೇ ಸೇರಿ ತಂಡ ಕಟ್ಟಿಕೊಳ್ಳಬಹುದು. ಜೊತೆಗಾರನಿಗೆ ಪೆಟ್ಟು ಬಿದ್ದು ನೆಲ ಕಚ್ಚಿದರೆ, ಇನ್ನೊಬ್ಬ ಅವನ ಬಳಿಗೆ ಹೋಗಿ 10 ಸೆಕೆಂಡು ಕುಳಿತು ಎಬ್ಬಿಸಬೇಕು. ಆ 10 ಸೆಕೆಂಡಿನಲ್ಲಿ ಎಬ್ಬಿಸುವವನಿಗೆ ತಿರುಗಿ ಹೊಡೆಯಲು ಆಗುವುದಿಲ್ಲ. ಹತ್ತಿರದಲ್ಲಿ ಶತ್ರು ಇದ್ದರೆ ಇಬ್ಬರೂ ಹೋದಂತೆಯೇ.

"ಅವನು ಯಾವತ್ತೂ ಬಿಟ್ಟು ಹೋಗ್ಲಿಲ್ಲ ಸರ್. ಎದುರಿಗೇ ಶತ್ರು ಇದ್ರೂ ಬಂದು ಕೂರ್ತಿದ್ದ. ಎಷ್ಟೋ ಸಲ ಇಬ್ಬರೂ ಸತ್ತಿದ್ದೀವಿ."

ಪ್ರತಿ ರಾತ್ರಿ 9 ಗಂಟೆಗೆ ಆಟ. ಆಡುತ್ತಲೇ ಮಾತು. ಅಲ್ಲಿ ಅವನ ಮನೆಯ ಕುಕ್ಕರ್ ಕೂಗಿದ್ದು ಇಲ್ಲಿ ಕೇಳಿಸುತ್ತಿತ್ತಂತೆ. ಹೊಸ ಶಾಲೆಯಲ್ಲಿ ಯಾರೂ ಪರಿಚಯವಿಲ್ಲ, ಮಧ್ಯಾಹ್ನ ಒಬ್ಬನೇ ಊಟ ಮಾಡುತ್ತೇನೆ ಎಂದು ಅವನು ಹೇಳಿದ್ದು ಇವನಿಗೆ ಮಾತ್ರ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ಮುಂದೆ ಹೋಗಲು ನನ್ನ ಮೇಷ್ಟರ ಬುದ್ಧಿ ಬಿಡುವುದಿಲ್ಲ. ಹುಡುಗರು ಬೇರೆ ಬೇರೆ ಊರಿನಲ್ಲಿದ್ದಾರೆ, ಆಟ ನಡೆಸುವ ಸರ್ವರ್ ಎಂಬ ಕಂಪ್ಯೂಟರ್ ಸಿಂಗಪುರದಲ್ಲಿದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 3,200 ಕಿ.ಮೀ. ಸಂದೇಶ ಹೋಗುವುದು ಗಾಜಿನ ಎಳೆಯೊಳಗೆ, ಬೆಳಕಾಗಿ. ಶೂನ್ಯದಲ್ಲಿ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕು ಗಾಜಿನಲ್ಲಿ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಹತ್ತನೇ ತರಗತಿಯವರು ವಕ್ರೀಭವನ ಸೂಚ್ಯಂಕವನ್ನು ನೆನಪಿಸಿಕೊಳ್ಳಿ. ಲೆಕ್ಕ ಹಾಕಿದರೆ ಹೋಗಿ ಬರಲು 0.032 ಸೆಕೆಂಡು. ಕೇಬಲ್ಲು ಸುತ್ತಿ ಬಳಸಿ ಹೋಗುವುದರಿಂದ, ದಾರಿಯಲ್ಲಿ ಹಲವು ಯಂತ್ರಗಳನ್ನು ದಾಟಬೇಕಾದ್ದರಿಂದ, ನಿಜದಲ್ಲಿ ಇದರ ಎರಡು ಮೂರು ಪಟ್ಟು ಆಗಬಹುದು.

ಈಗ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಸ್ನೇಹಿತ ಅಡಿಪಟ್ಟಿಯೊಂದನ್ನು ನೇರವಾಗಿ ತೂಗಿ ಹಿಡಿಯಲಿ. ಅದರ ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳು ತೆರೆದಿರಲಿ. ಅವನು ಹೇಳದೆ ಕೈಬಿಡಲಿ, ನೀವು ಹಿಡಿಯಿರಿ. ಸುಮಾರು 20 ಸೆಂ.ಮೀ. ಜಾರಿರುತ್ತದೆ. ಅಂದರೆ ಕಣ್ಣು ಕಂಡು, ಮಿದುಳು ಹೇಳಿ, ಬೆರಳು ಮುಚ್ಚಲು 0.2 ಸೆಕೆಂಡು ಬೇಕಾಯಿತು. ಸಮುದ್ರ ದಾಟಿ ಹೋಗಿಬರುವ ಸಂದೇಶಕ್ಕಿಂತ ನಮ್ಮ ಬೆರಳೇ ನಿಧಾನ. ದೂರವೆಂಬುದನ್ನು ವಿಜ್ಞಾನ ಇಷ್ಟರಮಟ್ಟಿಗೆ ಅಳಿಸಿದೆ. ಇಬ್ಬರು ಹುಡುಗರು ಒಂದೇ ಬೆಂಚಿನಲ್ಲಿ ಕುಳಿತಂತೆಯೇ ಆಡುತ್ತಿದ್ದರು.

ಆದರೆ ಆ ಎಳೆಯಲ್ಲಿ ಓಡುವುದು ಏನು? ಅಂಕಿಗಳು. ಆಟಗಾರ ಎಲ್ಲಿದ್ದಾನೆ, ಯಾವ ಕಡೆ ತಿರುಗಿದ್ದಾನೆ, ಗುಂಡು ಹಾರಿಸಿದನೇ, ಇಷ್ಟು. ಮಾತು ಕೂಡ ಅಂಕಿಗಳಾಗಿಯೇ ಹೋಗುತ್ತದೆ. ಸರ್ವರಿಗೆ ಅವನು ಒಂದು ಗುರುತು ಸಂಖ್ಯೆ, ಒಂದು ಅಡ್ಡಹೆಸರು. ನಮ್ಮ ಹುಡುಗನ ಬಳಿ ಗೆಳೆಯನದೆಂದು ಉಳಿದದ್ದೂ ಅಷ್ಟೇ. ತಂದೆಯ ಹಳೆಯ ಮೊಬೈಲ್ ನಂಬರು ಇತ್ತು, ಊರು ಬಿಟ್ಟ ಮೇಲೆ ಅದು ಬದಲಾಗಿತ್ತು. ಹೊಸದನ್ನು ಇವನು ಕೇಳಿರಲಿಲ್ಲ. ದಿನಾ ರಾತ್ರಿ ಸಿಗುವವನ ನಂಬರು ಯಾಕೆ ಬೇಕು?

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ದೇಶದ ಭದ್ರತೆಯ ಕಾರಣ ಕೊಟ್ಟಿತ್ತು. ಪಟ್ಟಿಯಲ್ಲಿ ಪಬ್‌ಜಿ ಮೊಬೈಲೂ ಇತ್ತು. ಹೊಸದಾಗಿ ಹಾಕಿಕೊಳ್ಳುವುದು ನಿಂತಿತು. ಆದರೆ ಅದಾಗಲೇ ಫೋನಿನಲ್ಲಿದ್ದವರಿಗೆ ಆಟ ಇನ್ನೂ ಕೆಲವು ವಾರ ತೆರೆದುಕೊಳ್ಳುತ್ತಿತ್ತು. ಭಾರತದ ಆಟಗಾರರಿಗೆ ಸರ್ವರ್ ಪೂರ್ತಿ ಮುಚ್ಚಿದ್ದು ಅಕ್ಟೋಬರ್ 30ರಂದು.

"ಎಂಟು ವಾರ ಟೈಮ್ ಇತ್ತು ಸರ್. ನಂಬರ್ ಹೇಳೋ ಅನ್ನೋಕೆ ಹತ್ತು ಸೆಕೆಂಡ್ ಸಾಕಿತ್ತು. ಮತ್ತೆ ಮನೆ ಬದಲಾಯಿಸ್ತೀವಿ ಅಂತ ಬೇರೆ ಹೇಳಿದ್ದ. ಆಟ ನಿಲ್ಲತ್ತೆ ಅಂತ ಗೊತ್ತಿದ್ರೂ ನಾವಿಬ್ರೂ ಆಡ್ತಾನೇ ಇದ್ವಿ. ಹೇಗೂ ವಾಪಸ್ ಬರತ್ತೆ ಅಂದ್ಕೊಂಡಿದ್ವಿ."

ಆಟವೇನೋ ಬಂತು. 2021ರ ಜುಲೈಯಲ್ಲಿ ಬೇರೆ ಹೆಸರಿನಲ್ಲಿ, ಭಾರತಕ್ಕೆಂದೇ. ಆ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಸಂಜೆಯೇ ಇವನು ಹಾಕಿಕೊಂಡು ಆ ಅಡ್ಡಹೆಸರನ್ನು ಹುಡುಕಿದ. ಸಿಗಲಿಲ್ಲ. ಒಂದಕ್ಷರ ಆಚೀಚೆ ಮಾಡಿಯೂ ಹುಡುಕಿದ. ಗೆಳೆಯ ಆಟವನ್ನೇ ಬಿಟ್ಟನೋ, ಹೆಸರು ಬದಲಿಸಿದನೋ, ಅವನ ಮನೆಯಲ್ಲಿ ಫೋನ್ ಕಿತ್ತುಕೊಂಡರೋ ತಿಳಿಯದು. ಅದು ಕೊರೋನಾ ಎರಡನೇ ಅಲೆ ಆಗಷ್ಟೇ ಇಳಿದಿದ್ದ ಕಾಲ. ಹುಡುಗ ಬಾಯಿಬಿಟ್ಟು ಹೇಳದ ಇನ್ನೊಂದು ಭಯವೂ ಅವನ ಮುಖದಲ್ಲಿತ್ತು.

ಈಗ ನನ್ನ ಪಾಲಿನ ಮಾತು. ನಿಷೇಧದ ಸುದ್ದಿ ಬಂದ ದಿನ ನನಗೆ ಬಹಳ ಸಂತೋಷವಾಗಿತ್ತು. ಹತ್ತನೇ ತರಗತಿಯ ಮಕ್ಕಳು, ಶಾಲೆ ಮುಚ್ಚಿದೆ, ಪಾಠಕ್ಕೆಂದು ಕೈಗೆ ಕೊಟ್ಟ ಫೋನಿನಲ್ಲಿ ಆಟ. ಈ ಹುಡುಗನ ತಂದೆಗೆ ನಾನೇ ಫೋನ್ ಮಾಡಿ, "ಪೀಡೆ ತೊಲಗಿತು ಬಿಡಿ" ಎಂದಿದ್ದೆ. ಅದಕ್ಕೂ ಮೊದಲು ತರಗತಿಯಲ್ಲಿ ಇವನನ್ನು ನಿಲ್ಲಿಸಿ ಎಷ್ಟು ಗಂಟೆ ಆಡ್ತೀಯ, ರಾತ್ರಿ ಎಷ್ಟಕ್ಕೆ ಮಲಗ್ತೀಯ, ಕಳೆದ ಪರೀಕ್ಷೆಯಲ್ಲಿ ಎಷ್ಟು ಬಂತು ಎಂದೆಲ್ಲ ಕೇಳಿದ್ದೆ. ಎಲ್ಲವೂ "ಎಷ್ಟು" ಎಂಬ ಪ್ರಶ್ನೆಗಳೇ. ಯಾರ ಜೊತೆ ಆಡ್ತಿದ್ದೀಯ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ, ನನ್ನದೇ ಇನ್ನೊಬ್ಬ ಶಿಷ್ಯನ ಹೆಸರು ಬರುತ್ತಿತ್ತು. ಅವನ ನಂಬರನ್ನು ನಾನೇ ಬರೆದುಕೊಳ್ಳುತ್ತಿದ್ದೆ.

ಈ ಪ್ರಶ್ನೆ ಕೇಳದೆ ಉಳಿದವನು ನಾನೊಬ್ಬನೇ ಅಲ್ಲ ಎಂಬುದಕ್ಕೆ ದೂರದ ನಾರ್ವೆ ದೇಶದ ಒಂದು ಸಂಗತಿ ಇದೆ. ಅದರ ಬಗ್ಗೆ ಬೆಂಜಮಿನ್ ರೀ ಎಂಬುವವರು ತೆಗೆದ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' ಎಂಬ ಸಾಕ್ಷ್ಯಚಿತ್ರ 2024ರಲ್ಲಿ ಬಂತು.

ಮಾಟ್ಸ್ ಸ್ಟೀನ್ 1989ರಲ್ಲಿ ಹುಟ್ಟಿದ ಹುಡುಗ. ಅವನಿಗೆ ಡುಶೆನ್ ಸ್ನಾಯುಕ್ಷಯ ಎಂಬ ಕಾಯಿಲೆ. ನಮ್ಮ ಸ್ನಾಯುವಿನ ಎಳೆಗಳು ಹಿಗ್ಗಿ ಕುಗ್ಗುವಾಗ ಹರಿದುಹೋಗದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಒಂದಿದೆ. ಅದನ್ನು ತಯಾರಿಸುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಎಕ್ಸ್ ಇರುವುದು ಒಂದೇ. ಅದರಲ್ಲಿ ದೋಷವಿದ್ದರೆ ಬದಲಿ ಇಲ್ಲ. ಹಾಗಾಗಿ ಈ ಕಾಯಿಲೆ ಬರುವುದು ಬಹುಪಾಲು ಗಂಡುಮಕ್ಕಳಿಗೆ. ಮೊದಲು ನಡಿಗೆ ಹೋಗುತ್ತದೆ, ಆಮೇಲೆ ತೋಳು, ಕೊನೆಗೆ ಉಸಿರಾಟ ಮತ್ತು ಹೃದಯದ ಸ್ನಾಯುಗಳು.

ಗಾಲಿಕುರ್ಚಿಯಲ್ಲಿದ್ದ ಮಾಟ್ಸ್ ದಿನದ ಬಹುಪಾಲು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಆಟದಲ್ಲಿ ಕಳೆಯುತ್ತಿದ್ದ. ಅಲ್ಲಿ ಅವನ ಹೆಸರು ಇಬೆಲಿನ್. ಆ ಇಬೆಲಿನ್ ಓಡುತ್ತಿದ್ದ, ಕುದುರೆ ಏರುತ್ತಿದ್ದ. ತನ್ನ ಕಾಯಿಲೆಯ ವಿಷಯವನ್ನು ಅವನು ಜೊತೆಗಾರರಿಂದ ಬಹುಕಾಲ ಮುಚ್ಚಿಟ್ಟಿದ್ದ. 2014ರ ನವೆಂಬರಿನಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಮಗನಿಗೆ ಸ್ನೇಹಿತರೇ ಇರಲಿಲ್ಲ ಎಂಬುದೇ ತಂದೆತಾಯಿಯರ ದೊಡ್ಡ ದುಃಖವಾಗಿತ್ತು. ಮಗ ಬರೆಯುತ್ತಿದ್ದ ಬ್ಲಾಗಿನ ಪಾಸ್‌ವರ್ಡ್ ತಂದೆಯ ಬಳಿ ಇತ್ತು. ಸಾವಿನ ಸುದ್ದಿಯನ್ನು ಅಲ್ಲಿ ಬರೆದು ತಮ್ಮ ಇ-ಮೇಲ್ ವಿಳಾಸ ಕೊಟ್ಟರು. ಪತ್ರಗಳು ಒಂದರ ಹಿಂದೊಂದು ಬರತೊಡಗಿದವು, ಬೇರೆ ಬೇರೆ ದೇಶಗಳಿಂದ. ಅಂತ್ಯಕ್ರಿಯೆಗೆ ಆಟದ ಗೆಳೆಯರು ಹೊರದೇಶಗಳಿಂದಲೂ ಬಂದರು.

ಆಗ ತಿಳಿಯಿತು: ಆಟದಿಂದ ಓದು ಕೆಡುತ್ತದೆಂದು ನೆದರ್ಲೆಂಡ್ಸಿನ ಹುಡುಗಿಯೊಬ್ಬಳ ಕಂಪ್ಯೂಟರನ್ನು ಮನೆಯವರು ತೆಗೆದಿಟ್ಟಾಗ, ಮಾಟ್ಸ್ ಅವಳ ತಂದೆತಾಯಿಗೆ ಪತ್ರ ಬರೆದು ಅವಳ ಪರವಾಗಿ ವಾದಿಸಿದ್ದ. ಮಗನೊಂದಿಗೆ ಮಾತೇ ಸಾಧ್ಯವಾಗದೆ ಸೋತಿದ್ದ ಡೆನ್ಮಾರ್ಕಿನ ಒಬ್ಬ ತಾಯಿಗೆ, ಆಟದ ಮೂಲಕವೇ ಮಗನನ್ನು ಮುಟ್ಟುವ ದಾರಿ ತೋರಿಸಿದ್ದ. ಒಂದೇ ಸೂರಿನಡಿ ಇದ್ದ, ಪ್ರಾಣಕ್ಕಿಂತ ಹೆಚ್ಚಾಗಿ ನೋಡಿಕೊಂಡ ತಂದೆತಾಯಿಯರಿಗೆ ಇದು ಗೊತ್ತಾದದ್ದು ಮಗ ಹೋದ ಮೇಲೆ.

ಗಮನಿಸಿ, ಅಲ್ಲಿ ಎರಡನೆಯ ದಾರಿಯೊಂದಿತ್ತು. ಆಟದ ಹೊರಗೆ ಒಂದು ಬ್ಲಾಗು, ಅದರ ಪಾಸ್‌ವರ್ಡ್ ತಂದೆಯ ಕೈಯಲ್ಲಿ. ನಮ್ಮ ಹುಡುಗರಿಗೆ ಇದ್ದದ್ದು ಒಂದೇ ದಾರಿ. ಅದು ಮುಚ್ಚಿದ ಕೂಡಲೇ ಹತ್ತು ವರ್ಷದ ಸ್ನೇಹವೂ ಕಾಣದಾಯಿತು.

ಇದನ್ನೆಲ್ಲ ಓದಿ ಮೇಷ್ಟರು ಆಟದ ಪರ ವಕಾಲತ್ತು ವಹಿಸಿದರು ಎಂದುಕೊಳ್ಳಬೇಡಿ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ರೆ, ಓದು ಎಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ವರ್ಷದ ಮಟ್ಟಿಗೆ ಮುಂದುವರಿದರೆ ಅದನ್ನು ಕಾಯಿಲೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಆ ಲಕ್ಷಣಗಳು ಕಂಡರೆ ವೈದ್ಯರ ಬಳಿ ಹೋಗಲು ಸಂಕೋಚ ಬೇಡ. ಆದರೆ ಕಾಯಿಲೆಯೋ ಸ್ನೇಹವೋ ಎಂದು ತಿಳಿಯಲು ಮೊದಲು ಪಕ್ಕದಲ್ಲಿ ಕುಳಿತು ನೋಡಬೇಕು. "ಎಷ್ಟು ಹೊತ್ತು?" ಎಂಬುದನ್ನು ಅಗತ್ಯವಾಗಿ ಕೇಳಿ. ಅದಕ್ಕೆ ಮುಂಚೆ "ಯಾರ ಜೊತೆ?" ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಮಗು ಉತ್ತರ ಕೊಡಲು ತಡವರಿಸಿದರೆ, ಆ ಕಡೆ ಇರುವವರು ಯಾರೆಂದು ಅದಕ್ಕೂ ಗೊತ್ತಿಲ್ಲ ಎಂದರ್ಥ. ಅದೂ ನಿಮಗೆ ತಿಳಿದಿರಬೇಕಾದ ವಿಷಯವೇ.

ಮಕ್ಕಳೇ, ನಿಮಗೂ ಒಂದು ಮಾತು. ಆಟದಲ್ಲಷ್ಟೇ ಪರಿಚಯವಾದ ಅಪರಿಚಿತರಿಗೆ ನಿಮ್ಮ ವಿಳಾಸ, ಫೋನ್ ನಂಬರು, ಫೋಟೋ, ಒ.ಟಿ.ಪಿ. ಯಾವುದನ್ನೂ ಕೊಡಕೂಡದು. ಆದರೆ ಒಂದೇ ಬೆಂಚಿನಲ್ಲಿ ಕುಳಿತು ಬೆಳೆದ ಗೆಳೆಯನ ವಿಷಯ ಬೇರೆ. ಅವನ ಮನೆಯ ನಂಬರು, ಊರು, ತಂದೆಯ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಫೋನು ಕೆಡುತ್ತದೆ, ಆಟ ಮುಚ್ಚುತ್ತದೆ, ಪಾಸ್‌ವರ್ಡ್ ಮರೆಯುತ್ತದೆ. ಇವತ್ತು ರಾತ್ರಿಯೇ ಕೇಳಿ ಬರೆದಿಟ್ಟುಕೊಳ್ಳಿ. ಹತ್ತು ಸೆಕೆಂಡಿನ ಕೆಲಸ.

ಮರುದಿನ ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆರೆದೆ. ಊರಿನ ಬಾಡಿಗೆ ಮನೆಯ ವಿಳಾಸವಿತ್ತು, ಅದು ಉಪಯೋಗವಿಲ್ಲ. ಜನ್ಮಸ್ಥಳದ ಕಾಲಮಿನಲ್ಲಿ ಒಂದು ಹಳ್ಳಿಯ ಹೆಸರಿತ್ತು. ಬಹುಶಃ ತಾಯಿಯ ತವರು. ಇನ್ನೊಬ್ಬರ ಮಗನ ವಿವರವನ್ನು ಹಾಗೆ ಕೈಗೆ ಕೊಡುವುದು ಸರಿಯಲ್ಲ. ಆದ್ದರಿಂದ ಹೀಗೆ ಮಾಡಿದೆವು: 50 ಪೈಸೆಯ ಅಂಚೆ ಕಾರ್ಡಿನಲ್ಲಿ ಒಕ್ಕಣೆಯನ್ನು ಹುಡುಗ ಬರೆದ, ತಂದೆಯ ಹೆಸರು, ಹಳ್ಳಿಯ ವಿಳಾಸವನ್ನು ನಾನು ಬರೆದೆ. ಹುಡುಗ ಬರೆದದ್ದು ನಾಲ್ಕೇ ಸಾಲು. ತನ್ನ ನಂಬರು, ನನ್ನ ನಂಬರು, ರಾತ್ರಿ 9 ಗಂಟೆಗೆ ಈಗಲೂ ಎದ್ದಿರುತ್ತೇನೆ ಎಂಬ ಒಂದು ಮಾತು.

ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಕಾರ್ಡು ವಾಪಸೂ ಬಂದಿಲ್ಲ. ಬಂದರೆ ಇದೇ ಅಂಕಣದಲ್ಲಿ ತಿಳಿಸುತ್ತೇನೆ.